ಲೆಕ್ಕಕ್ಕೆ ಸಿಗದ ಕೊನೆಯ ಗಂಟೆ: ವಿಶ್ವವಿದ್ಯಾಲಯಗಳ ತಂತ್ರಜ್ಞಾನ ಸಹಯೋಗ, ಅದರ ಅನುದಾನ ಮತ್ತು ಗಡಿನಾಡಿನ ತರಗತಿ

(ಗಡಿನಾಡ ಕನ್ನಡ ಅಧ್ಯಯನದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ಸೇರಿದ್ದ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಲಾಗಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

ನನ್ನ ಧ್ವನಿ ಕೇಳಿಸ್ತಾ ಉಂಟಲ್ಲ? ಮಳೆಗೆ ಇಲ್ಲಿ ಕರೆಂಟು ಹೋಗಿ ಬಂದು ಮಾಡ್ತಾ ಇದೆ. ನಡುವೆ ಕಡಿದು ಹೋದರೆ ಒಂದು ನಿಮಿಷ ಕಾಯಿರಿ, ಫೋನಿನಿಂದ ಮತ್ತೆ ಬರ್ತೇನೆ.

ನನಗೆ ಕೊಟ್ಟ ವಿಷಯ ಶೈಕ್ಷಣಿಕ ತಂತ್ರಜ್ಞಾನದಲ್ಲಿ ವಿಶ್ವವಿದ್ಯಾಲಯಗಳ ನಡುವಿನ ಸಹಯೋಗ, ಅದಕ್ಕೆ ಸಿಗುವ ಅನುದಾನ. ಅದನ್ನು ಸ್ವಲ್ಪ ತಿರುಗಿಸಿಕೊಂಡಿದ್ದೇನೆ. ಅನುದಾನ ಎಷ್ಟು ಬಂತು ಎನ್ನುವುದಕ್ಕಿಂತ, ಅದು ಸಾರ್ಥಕವಾಯಿತೋ ಇಲ್ಲವೋ ಎಂದು ನಾವು ಹೇಗೆ ಅಳೆಯುತ್ತೇವೆ ಎಂಬುದು ನನ್ನ ಪ್ರಶ್ನೆ. ಅಳತೆಯ ಕೋಲು ತಪ್ಪಿದ್ದರೆ ಒಳ್ಳೆಯ ಕೆಲಸ ಸೊನ್ನೆಯಾಗಿ ಕಾಣುತ್ತದೆ, ಸೊನ್ನೆ ಒಳ್ಳೆಯ ಕೆಲಸವಾಗಿ ಕಾಣುತ್ತದೆ. ಗಡಿಯಲ್ಲಿ ಕೂತವರಿಗೆ ಇದು ಬೇಗ ಅರ್ಥ ಆಗುತ್ತದೆ.

1. ಒಂದು ಸಹಿ ಪಟ್ಟಿ

ಮೊದಲು ಒಂದು ಅನುಭವ. ಹಿಂದೆ ನಾನು ಅತಿಥಿ ಉಪನ್ಯಾಸಕನಾಗಿದ್ದ ಕಾಲೇಜಿಗೆ ಕೇಂದ್ರದ ಅನುದಾನದ ಒಂದು ಯೋಜನೆಯಿಂದ ತರಬೇತಿ ಬಂತು. ಕಾಲೇಜಿನ ಹೆಸರೂ ಬೇಡ, ಯೋಜನೆಯ ಹೆಸರೂ ಬೇಡ. ಮುಖ್ಯ ಸಂಸ್ಥೆಯಿಂದ ಇಬ್ಬರು ಬಂದಿದ್ದರು, ಒಳ್ಳೆಯವರು, ತಯಾರಿ ಮಾಡಿಕೊಂಡೇ ಬಂದಿದ್ದರು. ಎರಡು ಗಂಟೆ ಇಂಗ್ಲಿಷಿನಲ್ಲಿ ಪ್ರಾತ್ಯಕ್ಷಿಕೆ ಆಯಿತು. ಅರವತ್ತನಾಲ್ಕು ಮಕ್ಕಳು ಸಹಿ ಹಾಕಿದರು. ಲ್ಯಾಬಿನಲ್ಲಿ ನೆಟ್ಟಗೆ ಓಡುತ್ತಿದ್ದ ಕಂಪ್ಯೂಟರು ಹದಿಮೂರು. ಕೊನೆಗೆ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಯೊಬ್ಬಳು ಎದ್ದು, “ಸರ್, ಇದನ್ನೇ ಕನ್ನಡದಲ್ಲಿ ಒಮ್ಮೆ ಹೇಳ್ಬಹುದಾ?” ಅಂತ ಕೇಳಿದಳು. ಬಂದವರು ನಕ್ಕು, “ಕನ್ನಡದ್ದು ಬೇಕಾದ್ರೆ ಕರ್ನಾಟಕದ ಕೇಂದ್ರದವರನ್ನು ಕೇಳ್ಬೇಕು, ಇದು ಕೇರಳದ ಪಟ್ಟಿಯಲ್ಲಿ ಬರ್ತದೆ” ಅಂದರು.

ಅವರು ಹೊರಟ ಮೇಲೆ ನಾನೂ ಇನ್ನೊಬ್ಬ ಮೇಡಮ್ಮೂ ಸೇರಿ ಹದಿನೈದು ಮಕ್ಕಳನ್ನು ಕೂರಿಸಿಕೊಂಡು ಅದೇ ಪ್ರಯೋಗವನ್ನು ಮತ್ತೆ ಮಾಡಿದೆವು. ಅರ್ಧ ಕನ್ನಡ, ಅರ್ಧ ಮಲಯಾಳ, ನಡುನಡುವೆ ತುಳು. ಒಂದು ಗಂಟೆ ಹಿಡಿಯಿತು, ಬಸ್ಸು ತಪ್ಪಿತು. ಮಕ್ಕಳಿಗೆ ಏನಾದರೂ ಹತ್ತಿದ್ದರೆ ಅದು ಆ ಒಂದು ಗಂಟೆಯಲ್ಲಿ. ವರದಿಯಲ್ಲಿ ಹೋದದ್ದು ಮಾತ್ರ ಮೊದಲಿನ ಎರಡು ಗಂಟೆ, ಅರವತ್ತನಾಲ್ಕು ಸಹಿ. ಆ ಒಂದು ಗಂಟೆಗೆ ನಮೂನೆಯಲ್ಲಿ ಜಾಗವೇ ಇರಲಿಲ್ಲ.

ಇದನ್ನು ದೂರು ಅಂತ ಹೇಳ್ತಾ ಇಲ್ಲ. ಬಂದವರ ತಪ್ಪು ಏನೂ ಇಲ್ಲ. ಅವರಿಗೆ ಕೊಟ್ಟ ನಮೂನೆಯಲ್ಲಿ ಇದ್ದದ್ದನ್ನು ಅವರು ತುಂಬಿದರು. ನನ್ನ ಪ್ರಬಂಧ ಆ ನಮೂನೆಯ ಬಗ್ಗೆ.

2. ಹಣ ನಡೆದು ಬಂದ ಹಾದಿ

ನಮ್ಮ ದೇಶದಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳು ಸೇರಿ ತಂತ್ರಜ್ಞಾನದ ಮೂಲಕ ಕಲಿಸಿದ ದೊಡ್ಡ ಉದಾಹರಣೆ ಎನ್‌ಪಿಟೆಲ್. 1999ರ ಹೊತ್ತಿಗೆ ಮಾತುಕತೆ ಶುರುವಾಗಿ, 2003ರಲ್ಲಿ ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಕೆಲಸ ಆರಂಭಿಸಿದವು. ಮೊದಲ ಹಂತಕ್ಕೆ ಕೇಂದ್ರ ಕೊಟ್ಟದ್ದು ಸುಮಾರು 20 ಕೋಟಿ ರೂಪಾಯಿ. ಆ ಹಣಕ್ಕೆ ಹುಟ್ಟಿದ ಪಾಠಗಳನ್ನು ಇವತ್ತಿಗೂ ಜನ ನೋಡುತ್ತಾರೆ ಅಂದರೆ, ಇದಕ್ಕಿಂತ ಅಗ್ಗದ ಸಾರ್ವಜನಿಕ ಖರ್ಚು ಹುಡುಕುವುದು ಕಷ್ಟ. ಟೀಕೆಗೆ ಮುಂಚೆ ಇದನ್ನು ಒಪ್ಪಿಕೊಳ್ಳಬೇಕು.

ಆಮೇಲೆ ಬಂದದ್ದು ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಮೂಲಕ ಶಿಕ್ಷಣದ ರಾಷ್ಟ್ರೀಯ ಮಿಷನ್. 2009ರ ಫೆಬ್ರವರಿ 3ರಂದು ತಿರುಪತಿಯಲ್ಲಿ ಚಾಲನೆ. ಹನ್ನೊಂದನೇ ಪಂಚವಾರ್ಷಿಕ ಯೋಜನೆಗೆ ಒಪ್ಪಿಗೆಯಾದ ಮೊತ್ತ 4,612 ಕೋಟಿ. ಇದಕ್ಕೆ ಎರಡು ಕೈ. ಒಂದು ಸಂಪರ್ಕ, ಅಂದರೆ ಕಾಲೇಜುಗಳಿಗೆ ಬ್ರಾಡ್‌ಬ್ಯಾಂಡ್. ಅದರ ಖರ್ಚಿನಲ್ಲಿ 75 ಭಾಗ ಕೇಂದ್ರದ್ದು, 25 ಭಾಗ ಸಂಸ್ಥೆಯದ್ದು. ಇನ್ನೊಂದು ಪಾಠದ ತಯಾರಿ. ಎನ್‌ಪಿಟೆಲ್‌ನ ಎರಡನೇ ಹಂತ, ವರ್ಚುವಲ್ ಲ್ಯಾಬ್ಸ್, ಸ್ಪೋಕನ್ ಟ್ಯುಟೋರಿಯಲ್ ಎಲ್ಲ ಈ ಛತ್ರಿಯ ಕೆಳಗೆ ಬಂದವು. 2017ರ ಜುಲೈ 9ರಂದು ‘ಸ್ವಯಂ’ ಶುರುವಾಯಿತು.

ಇವುಗಳಲ್ಲಿ ವರ್ಚುವಲ್ ಲ್ಯಾಬ್ಸ್ ನಮಗೆ ನೆರೆಮನೆ. ದೆಹಲಿ ಐಐಟಿ ಮುಂದಾಳತ್ವದಲ್ಲಿ ಆರಂಭದಲ್ಲಿ ಸೇರಿದ ಹನ್ನೆರಡು ಸಂಸ್ಥೆಗಳಲ್ಲಿ ಸುರತ್ಕಲ್‌ನ ಎನ್‌ಐಟಿಕೆ ಒಂದು. ಕಾಸರಗೋಡಿನಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಅಲ್ಲಿ ಮುಟ್ಟಬಹುದು. ಪ್ರಯೋಗಾಲಯವೇ ಸರಿಯಿಲ್ಲದ ಕಾಲೇಜಿನ ಮಕ್ಕಳು ಪರದೆಯ ಮೇಲಾದರೂ ಪ್ರಯೋಗ ಮಾಡಲಿ ಎಂಬ ಯೋಚನೆ ಚಿನ್ನದಂಥದ್ದು.

ಈಗ ಹಣದ ಹಾದಿಯನ್ನು ಗಮನಿಸಿ. ಮಂತ್ರಾಲಯದಿಂದ ಮುಖ್ಯ ಸಂಸ್ಥೆಗೆ, ಅಲ್ಲಿಂದ ಸಹಭಾಗಿ ಸಂಸ್ಥೆಗಳಿಗೆ. ಪಾಠ ತಯಾರಾದಲ್ಲಿಗೆ ಹಣದ ಓಟ ಬಹುಮಟ್ಟಿಗೆ ಮುಗಿಯುತ್ತದೆ. ಪಾಠ ಬಳಸಬೇಕಾದ ಕಾಲೇಜಿಗೆ ಬರುವುದು ಲಿಂಕು, ಪೋಸ್ಟರು, ಒಂದು ದಿನದ ಕಾರ್ಯಾಗಾರ. ನೋಡಲ್ ಕೇಂದ್ರ, ಲೋಕಲ್ ಚಾಪ್ಟರ್ ಅಂತ ಹೆಸರು ಸಿಗುತ್ತದೆ. ನಾವು ‘ಸಹಯೋಗ’ ಅಂತ ಕರೆಯುವುದು ಕೊಡುವವರ ನಡುವಿನ ಸಹಯೋಗ. ಪಡೆಯುವವರು ಅದರಲ್ಲಿ ಫಲಾನುಭವಿಗಳು. ಫಲಾನುಭವಿಗೆ ಕೃತಜ್ಞತೆ ಹೇಳುವ ಅವಕಾಶ ಉಂಟು, ತಿದ್ದುವ ಅವಕಾಶ ಇಲ್ಲ.

3. ಎಣಿಸಲು ಸುಲಭವಾದದ್ದು

ಮೌಲ್ಯಮಾಪನದ ನಮೂನೆಗೆ ಬರೋಣ. ಎಷ್ಟು ಕೋರ್ಸು, ಎಷ್ಟು ಗಂಟೆಯ ವಿಡಿಯೋ, ಎಷ್ಟು ನೋಂದಣಿ, ಎಷ್ಟು ಮಂದಿ ಪರೀಕ್ಷೆಗೆ ಕೂತರು, ಎಷ್ಟು ಪ್ರಮಾಣಪತ್ರ. ಎನ್‌ಪಿಟೆಲ್ ತನ್ನ ಲೋಕಲ್ ಚಾಪ್ಟರುಗಳಿಗೆ ಎ, ಎಎ, ಎಎಎ ಅಂತ ದರ್ಜೆ ಕೊಡುತ್ತದೆ. ಅದರ ಲೆಕ್ಕ ಮುಖ್ಯವಾಗಿ ಆ ಕಾಲೇಜಿನವರು ಪರೀಕ್ಷೆಯಲ್ಲಿ ಮಾಡಿದ ಸಾಧನೆಯ ಮೇಲೆ. ಉತ್ಸಾಹ ಹುಟ್ಟಿಸಲು ಇದು ಒಳ್ಳೆಯ ಉಪಾಯ. ಆದರೆ ದೊಡ್ಡ ಖಾಸಗಿ ಎಂಜಿನಿಯರಿಂಗ್ ಕಾಲೇಜು ಮತ್ತು ಗಡಿಯ ಒಂದು ಸಣ್ಣ ಸರಕಾರಿ ಕಾಲೇಜು ಒಂದೇ ತಕ್ಕಡಿಯಲ್ಲಿ ಕೂರುತ್ತವೆ. ಎಲ್ಲಿಂದ ಹೊರಟರು ಅಂತ ತಕ್ಕಡಿ ಕೇಳುವುದಿಲ್ಲ, ಎಲ್ಲಿಗೆ ಮುಟ್ಟಿದರು ಅಂತ ಮಾತ್ರ ನೋಡುತ್ತದೆ.

ಎಣಿಕೆಯ ಈ ಚಟ ಹೊಸದಲ್ಲ. ಶಿಕ್ಷಣಕ್ಕೆಂದೇ ಇಸ್ರೋ 2004ರ ಸೆಪ್ಟೆಂಬರ್ 20ರಂದು ಎಜುಸ್ಯಾಟ್ ಹಾರಿಸಿತು. ಅದಕ್ಕೂ ಮುಂಚಿನ ಪ್ರಾಯೋಗಿಕ ಹಂತದಲ್ಲಿ ಕರ್ನಾಟಕದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇತ್ತು, ಮಹಾರಾಷ್ಟ್ರದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯವೂ ಇತ್ತು. ಎಷ್ಟು ತರಗತಿಗೆ ಡಿಶ್ ಕೂರಿಸಿದೆವು ಎಂಬ ಲೆಕ್ಕ ಜೋರಾಗಿ ಕೇಳುತ್ತಿತ್ತು. 2010ರಲ್ಲಿ ಉಪಗ್ರಹ ಸೇವೆಯಿಂದ ನಿವೃತ್ತವಾಯಿತು. ಆಮೇಲೆ ಮಹಾಲೇಖಪಾಲರು ಈ ಕಾರ್ಯಕ್ರಮದ ಲೆಕ್ಕ ತಪಾಸಣೆ ಮಾಡಿ, ಯೋಜನೆ ಹಾಕುವುದರಲ್ಲಿ, ಸಂಪರ್ಕ ಕೊಡುವುದರಲ್ಲಿ, ಪಾಠ ಸಿದ್ಧಪಡಿಸುವುದರಲ್ಲಿ ಕೊರತೆಗಳನ್ನು ತೋರಿಸಿದರು. ಉಪಗ್ರಹದ ಆಯುಸ್ಸು ಮುಗಿದ ಮೇಲೆ ಅದರ ಗುಣದೋಷ ಹೇಳಿದರೆ ಮಕ್ಕಳಿಗೆ ಏನು ಬಂತು? ಕೊಯ್ಲು ಮುಗಿದ ಮೇಲೆ ಗದ್ದೆಗೆ ನೀರು ಬಿಟ್ಟ ಹಾಗೆ.

ಇದು ನಮ್ಮ ದೇಶದ ರೋಗ ಮಾತ್ರ ಅಂತ ತಿಳಿಯಬೇಡಿ. ಬ್ರಿಟನ್ನಿನಲ್ಲಿ 1992ರಲ್ಲಿ ವಿಶ್ವವಿದ್ಯಾಲಯಗಳಿಗೆ ಹಣ ಕೊಡುವ ಮಂಡಳಿಗಳು ‘ಬೋಧನೆ ಮತ್ತು ಕಲಿಕೆಯ ತಂತ್ರಜ್ಞಾನ ಕಾರ್ಯಕ್ರಮ’ ಶುರುಮಾಡಿದವು. ಮೊದಲ ಎರಡು ಹಂತಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಯೋಜನೆ, ಬಹುತೇಕ ಹಲವು ವಿಶ್ವವಿದ್ಯಾಲಯಗಳ ಕೂಟಗಳು. ಸಾಫ್ಟ್‌ವೇರ್ ಬೇಕಾದಷ್ಟು ತಯಾರಾಯಿತು. ತಯಾರಿಸಿದ ಕೂಟದ ಹೊರಗೆ ಬಳಸಿದವರು ಮಾತ್ರ ಕಡಿಮೆ. ‘ಬೇರೆಯವರು ಮಾಡಿದ್ದು ನಮ್ಮ ಪಾಠಕ್ಕೆ ಹೊಂದುವುದಿಲ್ಲ’ ಎಂಬ ಹಿಂಜರಿಕೆ ದೊಡ್ಡದಿತ್ತು. ಆದರೆ ಅವರು ಒಂದು ವಿಷಯ ಕಲಿತರು. 1998ರ ಮೂರನೇ ಹಂತದಲ್ಲಿ ಹೊಸ ಸಾಮಗ್ರಿ ತಯಾರಿಯ ಬದಲು, ಇದ್ದದ್ದನ್ನು ತರಗತಿಯಲ್ಲಿ ಬೇರೂರಿಸುವುದಕ್ಕೆ ಒತ್ತು ಕೊಟ್ಟರು.

ಅದೇ ದೇಶ ಬೇಗ ಮರೆಯಿತು ಕೂಡ. 2000ದಲ್ಲಿ ಘೋಷಿಸಿದ ಯುಕೆ ಇ-ಯೂನಿವರ್ಸಿಟಿಗೆ 62 ಮಿಲಿಯನ್ ಪೌಂಡ್ ಮೀಸಲಿಟ್ಟರು. ವಿಶ್ವವಿದ್ಯಾಲಯಗಳು ಒಟ್ಟಾಗಿ ಜಗತ್ತಿಗೆಲ್ಲ ಆನ್‌ಲೈನ್ ಪದವಿ ಕೊಡುತ್ತವೆ ಎಂಬ ಕನಸು. ಸೇರಿದ್ದು ಸುಮಾರು 900 ವಿದ್ಯಾರ್ಥಿಗಳು. 2004ರಲ್ಲಿ ಮುಚ್ಚಿದರು. ವೇದಿಕೆ ಕಟ್ಟುವ ಉಮೇದಿನಲ್ಲಿ, ಯಾರಿಗೆ, ಅವರಿಗೆ ಏನು ಬೇಕು ಎಂಬ ಪ್ರಶ್ನೆ ಹಿಂದೆ ಬಿತ್ತು.

4. ಗಡಿ ಎಂಬ ಪರೀಕ್ಷೆ

ಇನ್ನು ನಮ್ಮ ವಿಷಯ. ಗಡಿನಾಡಿನ ವಿದ್ಯಾರ್ಥಿಯನ್ನು ನಾನು ಕರುಣೆಗಾಗಿ ಇಲ್ಲಿ ತರುತ್ತಾ ಇಲ್ಲ. ಸಹಯೋಗ ನಿಜವಾಗಿ ನಡೆದಿದೆಯೋ ಇಲ್ಲವೋ ಎಂದು ತೋರಿಸುವ ಪರೀಕ್ಷೆ ಆ ವಿದ್ಯಾರ್ಥಿ. ಕೊಳವೆಯಲ್ಲಿ ತೂತು ಎಲ್ಲಿದೆ ಅಂತ ನೋಡಲು ಜೋಡಣೆಯ ಜಾಗವನ್ನು ಮೊದಲು ನೋಡುತ್ತಾರಲ್ಲ, ಹಾಗೆ.

ಕನ್ನಡ ಮಾಧ್ಯಮದ ಶಾಲಾ ಪುಸ್ತಕಗಳನ್ನೇ ನೋಡಿ. ಕಾಸರಗೋಡಿನ ಮಗುವಿಗೆ ಕೇರಳದ ಎಸ್‌ಸಿಇಆರ್‌ಟಿಯ ಕನ್ನಡ ಪುಸ್ತಕ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಮಗುವಿಗೆ ಪುಣೆಯ ಬಾಲಭಾರತಿಯ ಕನ್ನಡ ಪುಸ್ತಕ. ತಾಳವಾಡಿ, ಹೊಸೂರಿನ ಮಗುವಿಗೆ ತಮಿಳುನಾಡಿನ ಪಠ್ಯ. ಕರ್ನಾಟಕದ ಮಗುವಿಗೆ ಬೆಂಗಳೂರಿನ ಪುಸ್ತಕ. ಒಂದೇ ಭಾಷೆಗೆ ಬೇರೆಬೇರೆ ಸರಕಾರಗಳು ಬೇರೆಬೇರೆಯಾಗಿ ಅನುವಾದ ಮಾಡಿಸುತ್ತವೆ, ಪಾರಿಭಾಷಿಕ ಪದಗಳನ್ನು ಬೇರೆಬೇರೆಯಾಗಿ ಟಂಕಿಸುತ್ತವೆ. ಹೀಗೆ ಬೇರೆಬೇರೆ ಪದಕೋಶ ಹೊತ್ತು ಬಂದ ಮಕ್ಕಳು ಪದವಿ ತರಗತಿಗೆ ಬಂದಾಗ ಅವರೆದುರು ಇರುವುದು ಒಂದೇ ಇಂಗ್ಲಿಷ್ ವಿಡಿಯೋ.

2017ರ ಸೆಪ್ಟೆಂಬರ್ 5ರಂದು ಬಂದ ‘ದೀಕ್ಷಾ’ ವೇದಿಕೆಯ ರಚನೆ ನೋಡಿ. ತೆರೆದ ಕೂಡಲೇ ಅದು ಕೇಳುವುದು ನಿಮ್ಮ ಬೋರ್ಡ್ ಯಾವುದು ಅಂತ. ಮಾಧ್ಯಮ ಅದರ ನಂತರ. ಅಂದರೆ ಮೊದಲು ರಾಜ್ಯ, ಆಮೇಲೆ ಭಾಷೆ. ತಾಂತ್ರಿಕವಾಗಿ ಇದಕ್ಕೆ ಕಾರಣ ಉಂಟು, ಪಠ್ಯಕ್ರಮ ರಾಜ್ಯದ್ದು. ಆದರೆ ಭಾಷೆಯ ಹಾದಿಯಲ್ಲಿ ಹುಡುಕುವವನಿಗೆ ರಾಜ್ಯದ ಬಾಗಿಲು ಅಡ್ಡ ಬರುತ್ತದೆ. ಉಪಗ್ರಹದ ಕಿರಣಕ್ಕೆ ತಲಪಾಡಿಯ ಚೆಕ್‌ಪೋಸ್ಟ್ ಗೊತ್ತಿಲ್ಲ, ಇಂಟರ್‌ನೆಟ್ಟಿಗೂ ಗೊತ್ತಿಲ್ಲ. ಅನುದಾನದ ಕಡತಕ್ಕೆ ಮಾತ್ರ ಅದು ಚೆನ್ನಾಗಿ ಗೊತ್ತು.

ರಾಜ್ಯದ ದಾರಿಯಿಂದ ಒಳ್ಳೆಯದೇ ಆಗಿಲ್ಲ ಅಂತ ಹೇಳಲಾರೆ. 2020ರ ಮಾರ್ಚಿನಲ್ಲಿ ಗಡಿ ರಸ್ತೆಗಳನ್ನು ಮುಚ್ಚಿದಾಗ ಮಂಗಳೂರಿಗೆ ಹೋಗುತ್ತಿದ್ದ ನಮ್ಮ ಮಕ್ಕಳು ಮನೆಯಲ್ಲಿ ಉಳಿದರು. ಅದೇ ವರ್ಷ ಜೂನ್ 1ರಿಂದ ಕೇರಳದಲ್ಲಿ ‘ಫಸ್ಟ್ ಬೆಲ್’ ಪಾಠಗಳು ಬಂದವು. ಅವುಗಳಲ್ಲಿ ಕನ್ನಡ ಮತ್ತು ತಮಿಳು ಮಾಧ್ಯಮದ ಪಾಠಗಳೂ ಇದ್ದವು. ರಾಜ್ಯ ಮನಸ್ಸು ಮಾಡಿದರೆ ಆಗುತ್ತದೆ ಎನ್ನುವುದಕ್ಕೆ ಇದು ಸಾಕ್ಷಿ. ಆದರೆ ಅದು ಶಾಲೆಯ ಮಟ್ಟದಲ್ಲಿ ಆದದ್ದು.

ಉನ್ನತ ಶಿಕ್ಷಣದಲ್ಲಿ ಹಣದ ದಾರಿ ಎರಡು. ಒಂದು ಕೇಂದ್ರದಿಂದ ನೇರ ದೊಡ್ಡ ಸಂಸ್ಥೆಗಳ ಕೂಟಕ್ಕೆ. ಇನ್ನೊಂದು 2013ರಲ್ಲಿ ಬಂದ ರೂಸಾ, ಈಗಿನ ಪಿಎಂ-ಉಷಾ. ಅದು ರಾಜ್ಯದ ಯೋಜನೆಯ ಮೂಲಕವೇ ಬರುತ್ತದೆ, ಸಾಮಾನ್ಯ ರಾಜ್ಯಗಳಲ್ಲಿ ಕೇಂದ್ರ 60, ರಾಜ್ಯ 40. ರಾಜ್ಯದ ಯೋಜನೆ ಸಹಜವಾಗಿ ರಾಜ್ಯದ ಒಳಗೆ ನೋಡುತ್ತದೆ. ಕೇರಳದ ಒಂದು ಕನ್ನಡ ವಿಭಾಗ, ಮಹಾರಾಷ್ಟ್ರದ ಒಂದು ಕನ್ನಡ ವಿಭಾಗ, ಆಂಧ್ರದ ಇನ್ನೊಂದು ಸೇರಿ ಒಂದು ಸಣ್ಣ ಡಿಜಿಟಲ್ ಪಾಠ ಮಾಡುತ್ತೇವೆ ಅಂತ ಹೊರಟರೆ ಅರ್ಜಿಯನ್ನು ಯಾವ ರಾಜ್ಯದ ಮೇಜಿನ ಮೇಲೆ ಇಡುವುದು? ಐಐಟಿಗಳ ಪಟ್ಟಿಗೆ ನಾವು ಚಿಕ್ಕವರು, ರಾಜ್ಯದ ಪಟ್ಟಿಗೆ ನಾವು ಹೊರಗಿನವರೊಂದಿಗೆ ಸೇರಿದವರು.

ರಾಜ್ಯಗಳು ಸೇರಿ ಸಂಸ್ಥೆ ಕಟ್ಟಿದ ಉದಾಹರಣೆಯೇ ಇಲ್ಲ ಅಂತಲ್ಲ. ಕುಪ್ಪಂನ ದ್ರಾವಿಡ ವಿಶ್ವವಿದ್ಯಾಲಯವನ್ನು 1997ರಲ್ಲಿ ಆಂಧ್ರ ಸರಕಾರ ಸ್ಥಾಪಿಸಿದಾಗ ಕರ್ನಾಟಕ, ತಮಿಳುನಾಡು, ಕೇರಳ ಸರಕಾರಗಳು ಕೈಜೋಡಿಸಿದ್ದವು. ಮೂರು ರಾಜ್ಯಗಳು ಮುಟ್ಟುವ ಮೂಲೆಯಲ್ಲಿ ಇಂಥದ್ದೊಂದು ಸಂಸ್ಥೆ ಸಾಧ್ಯವಾಗಿತ್ತು. ಅಂದ ಮೇಲೆ ಒಂದು ಪಾಠಕ್ಕೆ ಸಾಧ್ಯವಾಗದೇ?

5. ಅನುಮತಿ ಬೇರೆ, ಅನುಕೂಲ ಬೇರೆ

ಇಲ್ಲಿ ಒಬ್ಬರು ಕೇಳಬಹುದು: ಈ ಪಾಠಗಳೆಲ್ಲ ಮುಕ್ತ ಪರವಾನಗಿಯಲ್ಲಿ ಇವೆಯಲ್ಲ, ನೀವೇ ತೆಗೆದುಕೊಂಡು ಕನ್ನಡಕ್ಕೆ ಮಾಡಿಕೊಳ್ಳಿ, ಯಾರು ತಡೆದರು? ಸರಿಯಾದ ಪ್ರಶ್ನೆ. ಯಾರೂ ತಡೆದಿಲ್ಲ. ಬಾವಿಯ ನೀರು ಎಲ್ಲರದ್ದು ಅಂತ ಫಲಕ ಹಾಕಿದ್ದಾರೆ, ಹಗ್ಗ ಮತ್ತು ಕೊಡಪಾನ ಮನೆಯಿಂದ ತರಬೇಕು. ಅನುಮತಿ ಉಂಟು, ಅನುಕೂಲ ಇಲ್ಲ. ಒಂದು ಗಂಟೆಯ ಪಾಠವನ್ನು ನಮ್ಮ ಮಕ್ಕಳಿಗೆ ಹೊಂದಿಸಲು ಒಬ್ಬ ಅಧ್ಯಾಪಕನಿಗೆ ಬೇಕಾಗುವ ಸಮಯ, ಪದಗಳನ್ನು ತೂಗಿ ನೋಡಲು ಬೇಕಾಗುವ ಇನ್ನೊಬ್ಬರು, ಇದಕ್ಕೆಲ್ಲ ಅನುದಾನದಲ್ಲಿ ತಲೆಬರಹವೇ ಇಲ್ಲ.

ಅಪವಾದ ಒಂದನ್ನು ಹೇಳಲೇಬೇಕು. ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ. ಹತ್ತು ನಿಮಿಷದ ಸಣ್ಣ ಪಾಠ. ಪರದೆಯ ಮೇಲಿನ ಸಾಫ್ಟ್‌ವೇರ್ ಇಂಗ್ಲಿಷಿನಲ್ಲೇ ಇರುತ್ತದೆ, ಏಕೆಂದರೆ ಕೆಲಸಕ್ಕೆ ಸೇರಿದಾಗ ಕಾಣುವುದು ಅದೇ. ವಿವರಿಸುವ ಧ್ವನಿ ಮಾತ್ರ ಕನ್ನಡ, ಮಲಯಾಳ, ಮರಾಠಿ ಹೀಗೆ ಹಲವು ಭಾರತೀಯ ಭಾಷೆಗಳಲ್ಲಿ. ಒಂದು ಕಡೆ ಪಾಠ, ಪಕ್ಕದಲ್ಲೇ ಸಾಫ್ಟ್‌ವೇರ್ ತೆರೆದು ಮಾಡುತ್ತಾ ಕಲಿಯಬೇಕು. ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುವ ಹಾಗೆ ಮಾಡಿದ್ದಾರೆ. ಇಲ್ಲಿ ಅನುವಾದ ಆಮೇಲಿನ ಅಲಂಕಾರವಲ್ಲ, ಯೋಜನೆಯ ಅಡಿಪಾಯದಲ್ಲೇ ಇದೆ. ಅವರೂ ಎಷ್ಟು ಮಂದಿಗೆ ತರಬೇತಿ ಆಯಿತು ಎಂಬ ಸಂಖ್ಯೆಯನ್ನೇ ಮುಂದಿಡುತ್ತಾರೆ, ಅದು ಬೇರೆ ಮಾತು. ಆದರೆ ಕಲಿಯುವವನ ಜಾಗದಲ್ಲಿ ನಿಂತು ಖರ್ಚಿನ ಪಟ್ಟಿ ಮಾಡಿದರೆ ಪಾಠದ ಆಕಾರವೇ ಬದಲಾಗುತ್ತದೆ ಎಂದು ಇದು ತೋರಿಸಿತು.

ಇದರಲ್ಲಿ ನಮಗೆ ನಷ್ಟ ಆಗುವುದು ಏನು ಎನ್ನುವುದು ಮುಖ್ಯ. ಯುಜಿಸಿಯ 2016ರ ನಿಯಮದಲ್ಲಿ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 20ರಷ್ಟನ್ನು ಸ್ವಯಂ ಮೂಲಕ ಮಾಡಲು ಅವಕಾಶವಿತ್ತು. 2021ರಲ್ಲಿ ಅದು ಶೇ. 40 ಆಯಿತು. ಯಾವಾಗ ಹೀಗೆ ಮಾಡಬಹುದು ಎನ್ನುವ ಕಾರಣಗಳಲ್ಲಿ ಒಂದು, ವಿಭಾಗದಲ್ಲಿ ಸೂಕ್ತ ಬೋಧಕರು ಇಲ್ಲದಿರುವುದು. ಓದಲು ಉಪಕಾರದ ಮಾತು. ಆದರೆ ಗಡಿಯ ಕಾಲೇಜಿನಲ್ಲಿ ಕನ್ನಡ ಬಲ್ಲ ಅಧ್ಯಾಪಕರ ಹುದ್ದೆ ಖಾಲಿಯಾದಾಗ ಈ ಸಾಲು ಹೇಗೆ ಕಾಣುತ್ತದೆ ಯೋಚಿಸಿ. ಹುದ್ದೆ ತುಂಬಿ ಅಂತ ಕೇಳುವುದಕ್ಕೂ, ಕೋರ್ಸ್ ಆನ್‌ಲೈನಿನಲ್ಲಿ ಇದೆಯಲ್ಲ ಅಂತ ಉತ್ತರ ಬರುವುದಕ್ಕೂ ನಡುವೆ ಒಂದು ಕಡತದಷ್ಟೇ ಅಂತರ.

ಅದೇ ನಿಯಮ ಇನ್ನೊಂದನ್ನೂ ಹೇಳುತ್ತದೆ. ವಿದ್ಯಾರ್ಥಿಗೆ ಮಾರ್ಗದರ್ಶನ ಮಾಡಲು ಮಾತೃಸಂಸ್ಥೆ ಒಬ್ಬರನ್ನು ನೇಮಿಸಬೇಕು, ಪ್ರಯೋಗಾಲಯ, ಕಂಪ್ಯೂಟರ್, ಗ್ರಂಥಾಲಯ ಉಚಿತವಾಗಿ ಒದಗಿಸಬೇಕು. ಬಹಳ ಸರಿ. ಅಂದರೆ ನಿಯಮ ಬರೆದವರಿಗೆ ಆ ಕೊನೆಯ ಒಂದು ಗಂಟೆಯ ಬೆಲೆ ಗೊತ್ತಿತ್ತು. ಪಾಠ ತಯಾರಿಸುವವರಿಗೆ ಅನುದಾನ, ಪಾಠ ಮುಟ್ಟಿಸುವವರಿಗೆ ಜವಾಬ್ದಾರಿ. ಹಂಚಿಕೆ ಹೀಗಿದೆ.

6. ಮೂರು ಪ್ರಶ್ನೆಗಳು

ಹಾಗಾದರೆ ಮೌಲ್ಯಮಾಪನ ಹೇಗಿರಬೇಕು? ದೊಡ್ಡ ಸಿದ್ಧಾಂತ ಬೇಡ. ಇಂಥ ಪ್ರತಿಯೊಂದು ಯೋಜನೆಯ ವರದಿಯಲ್ಲೂ ಮೂರು ಪ್ರಶ್ನೆ ಇರಲಿ.

ಒಂದು, ನೂರು ರೂಪಾಯಿಯಲ್ಲಿ ಎಷ್ಟು ರೂಪಾಯಿ ಪಾಠ ಬಳಸುವ ಕಾಲೇಜಿನಲ್ಲಿ ಖರ್ಚಾಯಿತು? ಕಾರ್ಯಾಗಾರದ ಚಹಾ, ಬ್ಯಾನರು ಬಿಟ್ಟು. ಅಲ್ಲಿನ ಅಧ್ಯಾಪಕರ ಸಮಯಕ್ಕೆ, ಅನುವಾದಕ್ಕೆ, ಕೆಟ್ಟ ಕಂಪ್ಯೂಟರಿನ ರಿಪೇರಿಗೆ.

ಎರಡು, ಬಳಸುವ ಕಾಲೇಜಿನವರು ಪಾಠದಲ್ಲಿ ಏನನ್ನಾದರೂ ಬದಲಾಯಿಸಿದರೇ? ಬದಲಾಯಿಸಿದ್ದು ಮೂಲ ಪಾಠಕ್ಕೆ ಮರಳಿ ಸೇರಿತೇ? ಒಂದು ಪದ ತಿದ್ದಿದ್ದರೂ ಸಾಕು. ಸಹಯೋಗ ಎರಡು ಕಡೆಗೂ ಹರಿಯಿತು ಎನ್ನುವುದಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಇಲ್ಲ.

ಮೂರು, ಅನುದಾನ ನಿಂತು ಎರಡು ವರ್ಷದ ಮೇಲೆ ಅಲ್ಲಿ ಏನು ಉಳಿದಿದೆ? ಈಗಿನ ಪದ್ಧತಿಯಲ್ಲಿ ಯುಸಿ ಕೊಟ್ಟಲ್ಲಿಗೆ ಕಥೆ ಮುಗಿಯುತ್ತದೆ. ಎರಡು ವರ್ಷದ ಮೇಲೆ ಯಾರಾದರೂ ಬಂದು ಬಾಗಿಲು ತಟ್ಟುತ್ತಾರೆ ಎಂದು ಗೊತ್ತಿದ್ದರೆ ಮೊದಲ ದಿನದ ಯೋಜನೆಯೇ ಬೇರೆ ಆಗುತ್ತದೆ.

ಇದರ ಜೊತೆ ಒಂದು ಸಣ್ಣ ಬೇಡಿಕೆ. ಭಾಷೆಯನ್ನು ಆಧಾರವಾಗಿ ಇಟ್ಟ, ರಾಜ್ಯದ ಗೆರೆ ದಾಟುವ ಒಂದು ಚಿಕ್ಕ ನಿಧಿ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಕುಪ್ಪಂ, ಮದರಾಸು, ಮುಂಬಯಿ ಈ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಗಡಿಯ ಕಾಲೇಜುಗಳನ್ನು ಜೊತೆಗೆ ಕೂರಿಸಿಕೊಂಡರೆ ಮೊದಲ ಕೆಲಸ ಸಿದ್ಧವಾಗಿಯೇ ಇದೆ: ನಾಲ್ಕು ರಾಜ್ಯಗಳ ಕನ್ನಡ ಪಠ್ಯಗಳಲ್ಲಿರುವ ಪಾರಿಭಾಷಿಕ ಪದಗಳನ್ನು ಎದುರುಬದುರು ಇಟ್ಟು ಒಂದು ಪಟ್ಟಿ ಮಾಡುವುದು. ಅದಕ್ಕೆ ಸ್ಟುಡಿಯೋ ಬೇಡ, ಉಪಗ್ರಹ ಬೇಡ. ನಮ್ಮ ಮಕ್ಕಳು ಯಾವ ರಾಜ್ಯದಿಂದ ಬಂದರೂ ಪದವಿಯ ಪಾಠದಲ್ಲಿ ತಮ್ಮ ಪದವನ್ನು ಗುರುತು ಹಿಡಿಯಬೇಕು, ಅಷ್ಟೆ.

ನನ್ನ ಮಾತು ಇಲ್ಲಿಗೆ ಸಾಕು. ಪ್ರಶ್ನೆಗಳಿದ್ದರೆ ಕೇಳಿ.

ಚರ್ಚೆಯಿಂದ

ಸೊಲ್ಲಾಪುರದಿಂದ ಒಬ್ಬ ವಿದ್ಯಾರ್ಥಿನಿ: ಸರ್, ನೀವು ಹೇಳಿದ್ದು ಖರೆ ಅದ. ಆದ್ರ ನಮ್ ಕಡೆ ಹತ್ತನೇತ್ತಾ ಮುಗದ ಮ್ಯಾಲೆ ಹುಡುಗ್ರು ತಾವೇ ಇಂಗ್ಲಿಷ್ ಇಲ್ಲಾ ಮರಾಠಿ ಬೇಕಂತಾರ್ರಿ. ಕನ್ನಡದಾಗ ಪಾಠ ಮಾಡಿಟ್ರ ನೋಡೋರು ಯಾರು?

ಉತ್ತರ: ಒಳ್ಳೆಯ ಪ್ರಶ್ನೆ ಅಮ್ಮ. ಕನ್ನಡದಲ್ಲೇ ಪದವಿ ಮಾಡಿ ಅಂತ ನಾನು ಹೇಳ್ತಾ ಇಲ್ಲ. ಇಂಗ್ಲಿಷಿನ ಪಾಠಕ್ಕೆ ಹತ್ತಲು ಒಂದು ಮೆಟ್ಟಿಲು ಬೇಕು, ಆ ಮೆಟ್ಟಿಲು ಅವರ ಭಾಷೆಯಲ್ಲಿ ಇರಲಿ. ಮೊದಲ ಸೆಮಿಸ್ಟರಿನ ಕೆಲವು ವಾರ ಆದರೂ ಸಾಕು. ಆಮೇಲೆ ಅವರೇ ಹತ್ತುತ್ತಾರೆ. ಈಗ ಮೆಟ್ಟಿಲಿಲ್ಲದ ಕಾರಣ ಕೆಳಗೆ ಉಳಿದವರನ್ನು ನಾವು ‘ಆಸಕ್ತಿ ಇಲ್ಲದವರು’ ಅಂತ ಬರೆಯುತ್ತೇವೆ.

ಒಬ್ಬ ಹಿರಿಯ ಪ್ರಾಧ್ಯಾಪಕರು: ಯಂತ್ರಾನುವಾದ ಇಷ್ಟು ಬೆಳೆದಿದೆ. ಎಐಸಿಟಿಇಯ ‘ಅನುವಾದಿನಿ’ ಇದೆ, 2022ರಲ್ಲಿ ಬಂದ ‘ಭಾಷಿಣಿ’ ಇದೆ. ಎನ್‌ಪಿಟೆಲ್ ಪಾಠಗಳ ಕನ್ನಡ ರೂಪಗಳೂ ಬರುತ್ತಿವೆ. ನಿಮ್ಮ ವಾದ ಸ್ವಲ್ಪ ಹಳತಾಯಿತು ಅನ್ನಿಸುವುದಿಲ್ಲವೇ?

ಉತ್ತರ: ಸರ್, ಅವೆಲ್ಲ ಬರಬೇಕು, ಅದರಿಂದ ಖರ್ಚು ಇಳಿಯುತ್ತದೆ. ಆದರೆ ಯಂತ್ರ ಕೊಟ್ಟ ಕನ್ನಡವನ್ನು ಓದಿ, ಈ ಪದ ನಮ್ಮ ಮಗುವಿಗೆ ಗೊತ್ತು, ಈ ಪದ ಗೊತ್ತಿಲ್ಲ ಅಂತ ಹೇಳಲು ತರಗತಿಯಲ್ಲಿ ನಿಂತವರೇ ಬೇಕು. ಅನುವಾದ ಅಗ್ಗ ಆದಷ್ಟೂ ತಿದ್ದುವವರ ಬೆಲೆ ಏರಬೇಕು. ಎಷ್ಟು ಪುಟ ಅನುವಾದ ಆಯಿತು ಅಂತ ಮಾತ್ರ ಎಣಿಸಿದರೆ ಹಳೆಯ ನಮೂನೆಗೇ ಹೊಸ ಯಂತ್ರ ಜೋಡಿಸಿದ ಹಾಗಾಯಿತು.

ಹೊಸೂರಿನಿಂದ ಒಬ್ಬ ಉಪನ್ಯಾಸಕರು: ಸರ್, ಆಡಿಟ್‌ಗೆ ಸಂಖ್ಯೆ ಬೇಕೇ ಬೇಕಲ್ವಾ? ನೀವು ಹೇಳೋ ಆ ಕೊನೆಯ ಗಂಟೆನ ಯಾವ ದಾಖಲೆಯಲ್ಲಿ ತೋರಿಸ್ತೀರಿ?

ಉತ್ತರ: ಸಂಖ್ಯೆ ಬೇಡ ಅಂತ ನಾನು ಹೇಳಿಲ್ಲ. ಅತಿಥಿ ಉಪನ್ಯಾಸಕರಿಗೆ ಗಂಟೆ ಲೆಕ್ಕದಲ್ಲಿ ಸಂಭಾವನೆ ಕೊಡುವ ರೂಢಿ ನಮ್ಮಲ್ಲಿ ಆಗಲೇ ಉಂಟಲ್ಲ? ಅದೇ ಪುಸ್ತಕದಲ್ಲಿ ಒಂದು ಅಂಕಣ ಹೆಚ್ಚು ಮಾಡಿ. ಯಾವ ಪಾಠ, ಯಾವ ಭಾಷೆಯಲ್ಲಿ ಮತ್ತೆ ವಿವರಿಸಿದ್ದು, ಎಷ್ಟು ಮಕ್ಕಳು, ಎಲ್ಲಿ ಸಿಕ್ಕಿಬಿದ್ದರು. ತಿಂಗಳ ಕೊನೆಗೆ ಅದನ್ನು ಪಾಠ ತಯಾರಿಸಿದ ಸಂಸ್ಥೆಗೆ ಕಳಿಸಿ. ಅವರಿಗೆ ಪಾಠ ತಿದ್ದಲು ಅದಕ್ಕಿಂತ ಒಳ್ಳೆಯ ಮಾಹಿತಿ ಬೇರೆ ಎಲ್ಲಿ ಸಿಗುತ್ತದೆ? ನಾಳೆಯಿಂದಲೇ ನಾವು ನಮ್ಮ ನಮ್ಮ ಕಾಲೇಜಿನಲ್ಲಿ ಇದನ್ನು ಬರೆದಿಡಲು ಶುರುಮಾಡಬಹುದು, ಅನುದಾನ ಬರುವ ತನಕ ಕಾಯಬೇಕಾಗಿಲ್ಲ. ಮುಂದಿನ ಸಲ ಅರ್ಜಿ ಹಾಕುವಾಗ ಕೈಯಲ್ಲಿ ಆ ಪುಸ್ತಕ ಇದ್ದರೆ ನಮ್ಮ ಮಾತಿಗೆ ತೂಕ ಬರುತ್ತದೆ.